ಹೊಸ ಗಾಡಿಗೆ ಯಾರೂ ಕೊಂಕು ನುಡಿಯಲಿಲ್ಲ

ಗಾಡಿ ಸದ್ದು ಮಾಡಿತ್ತು. ಹತ್ತಿ ಕೂತವರಿಗೆ ಕೇಳಿಸಿಯೂ ಇತ್ತು. ಕೇಳಿಸಿದವರು ಮರ್ಯಾದೆಗೆ ಬಾಯಿ ಮುಚ್ಚಿಕೊಂಡರು, ನನ್ನಂಥ ಮುದುಕಿಯರಿಗೆ ಕೇಳಿಸಲೇ ಇಲ್ಲ. ಆದದ್ದು ಇಷ್ಟೇ. ಆಮೇಲೆ ನಮ್ಮ ಮಂದಿ ಇದನ್ನು ದೇವರ ದಯೆ, ನನ್ನ ಮೊಮ್ಮಗಳ ನಸೀಬು ಎಂದು ಹೇಳಿಕೊಂಡು ತಿರುಗಿದರು. ದೇವರಿಗೆ ಗೇರ್‌ಬಾಕ್ಸಿನಲ್ಲಿ ಏನು ಕೆಲಸ?

ನಾನು ಮೂರನೆಯ ತರಗತಿಗೆ ಸಾಲೆ ಬಿಟ್ಟವಳು. ರಾಯಚೂರಿನ ರೈಸ್ ಮಿಲ್ಲಿನಲ್ಲಿ ಅಕ್ಕಿ ಹಸನು ಮಾಡುತ್ತ, ತೌಡು ತುಂಬುತ್ತ ಕೂದಲು ಬೆಳ್ಳಗೆ ಮಾಡಿಕೊಂಡೆ. ಮಿಲ್ಲಿನೊಳಗೆ ಪಕ್ಕದವಳಿಗೆ ನೀರು ಕೊಡು ಎನ್ನಬೇಕಾದರೂ ಕೂಗಬೇಕಿತ್ತು. ಆ ರೂಢಿ ಮನೆಗೂ ಬಂತು. ನಾನು ಮಾತಾಡಿದರೆ ಜಗಳ ಅನ್ನಿಸುತ್ತದೆ ಎಂದು ಸೊಸೆ ಇವತ್ತಿಗೂ ಹೇಳುತ್ತಾಳೆ. ಕೆಲವು ಸಲ ಅದು ಜಗಳವೇ ಆಗಿರುತ್ತದೆ.

ಮಗನ ಮಗಳು ಇದೇ ಊರಲ್ಲಿ ಇಂಜಿನಿಯರಿಂಗ್ ಓದಿದಳು. ಊರ ಹೊರಗೆ ಕರೆಂಟಿನ ಆಟೋ ಕಟ್ಟುವ ಒಂದು ಶೆಡ್ಡು ಇದೆ, ಅಲ್ಲಿ ಕೆಲಸಕ್ಕೆ ಸೇರಿದಳು. ಸ್ಪ್ಯಾನರ್ ಹಿಡಿಯುವ ಕೆಲಸ ಅಲ್ಲ. ಗಾಡಿ ತಯಾರಾಗುವ ಮುಂಚೆಯೇ ಅದು ಎಷ್ಟು ಸದ್ದು ಮಾಡುತ್ತದೆ, ಎಲ್ಲಿ ನಡುಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುವ ಕೆಲಸ. ಹೀಗೆ ಎಂದು ಅವಳು ಹೇಳಿದಾಗ ನಾನು ನಂಬಲಿಲ್ಲ.

"ಇನ್ನೂ ಹುಟ್ಟಲಾರದ ಕೂಸು ಹೆಂಗ ಅಳ್ತದಂತ ಈಗ ಹೇಳ್ತಿಯೇನ ಬೇ?" ಎಂದೆ.

ಅವಳು ನಗಲಿಲ್ಲ. ಗೋಡೆಯ ಮೇಲಿನ ಹಲಗೆ ತೋರಿಸಿದಳು. "ಗೂಡ್ಸ್ ಗಾಡಿ ಹೋದಾಗ ಅಲ್ಲಿ ಇಟ್ಟಿದ್ದರಾಗ ಯಾವ್ದು ನಡುಗ್ತದ?"

"ಆ ಹಿತ್ತಾಳಿ ಚರಿಗಿ. ಅದೊಂದ."

"ಉಳದವು ಯಾಕ ಸುಮ್ನ ಇರ್ತಾವ?"

ನನಗೆ ಗೊತ್ತಿರಲಿಲ್ಲ. ಅವಳು ಹೇಳಿದಳು: ಒಂದೊಂದು ವಸ್ತುವಿಗೂ ತನ್ನದೇ ಒಂದು ನಡುಕ ಇರುತ್ತದೆಯಂತೆ. ಹೊರಗಿನ ಅಲುಗಾಟ ಅದಕ್ಕೆ ಸರಿಯಾಗಿ ಕೂಡಿದರೆ ಮಾತ್ರ ಅದು ಕುಣಿಯುತ್ತದೆ. ಆಟೋದಲ್ಲಿ ಮೋಟಾರು ತಿರುಗುತ್ತದೆ, ಗೇರಿನ ಹಲ್ಲು ಹಲ್ಲಿಗೆ ತಾಗುತ್ತ ಹೋಗುತ್ತದೆ. ಆ ತಾಗುವ ಬಡಿತವೂ ಗೇರು ಕೂತ ಅಲ್ಯೂಮಿನಿಯಂ ಪೆಟ್ಟಿಗೆಯ ನಡುಕವೂ ಒಂದಾದವೆಂದರೆ ಪೆಟ್ಟಿಗೆ ಕೂಗುತ್ತದೆ. ಡೀಸೆಲ್ ಆಟೋ ಆಗಿದ್ದರೆ ಅದರ ಗುಡುಗುಡು ಸದ್ದಿನೊಳಗೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕರೆಂಟಿನ ಗಾಡಿಗೆ ಬೇರೆ ಸದ್ದೇ ಇಲ್ಲ, ಆದ್ದರಿಂದ ಸಣ್ಣದೂ ಕಿವಿಗೆ ಬಡಿಯುತ್ತದೆ. ಅವಳ ಕಂಪ್ಯೂಟರಿನಲ್ಲಿ ಆ ಪೆಟ್ಟಿಗೆಯನ್ನು ಮೀನಿನ ಬಲೆಯ ಹಾಗೆ ಚೌಕ ಚೌಕವಾಗಿ ಹೆಣೆದಿಟ್ಟಿದ್ದಳು. ನಡುಗುವ ಜಾಗ ಕೆಂಪಗೆ, ಸುಮ್ಮನಿರುವ ಜಾಗ ನೀಲಿ. ನೋಡಲಿಕ್ಕೆ ಚೆನ್ನಾಗಿತ್ತು. ನನಗೆ ಅರ್ಥವಾದದ್ದು ಚರಿಗೆಯ ಮಾತು ಮಾತ್ರ.

ಅವಳ ಲೆಕ್ಕ ಹೀಗೆ ಹೇಳಿತ್ತು: ಖಾಲಿ ಗಾಡಿ ಸದ್ದಿಲ್ಲದೆ ಓಡುತ್ತದೆ. ಮಂದಿ ತುಂಬಿ, ವೇಗ ಮೂವತ್ತು ದಾಟಿ ನಲವತ್ತರ ಒಳಗೆ ಇದ್ದಾಗ ಕೀಂಯ್ ಎಂದು ಸಣ್ಣ ದನಿಯಲ್ಲಿ ಕೂಗುತ್ತದೆ. ಗೇರಿನ ಹಲ್ಲಿನ ಆಕಾರ ಸ್ವಲ್ಪ ಬದಲು ಮಾಡಬೇಕು. ನಮ್ಮ ಕಡೆ ಆಟೋಗಳು ತುಂಬಿಕೊಂಡು ಓಡುವುದೇ ಆ ವೇಗದಲ್ಲಿ.

ಮಾಲೀಕರು ಒಪ್ಪಲಿಲ್ಲ. ಅವರದು ನಾನು ದುಡಿದ ರೈಸ್ ಮಿಲ್ಲಿನದೇ ಮನೆತನ, ಕೆಟ್ಟ ಮನುಷ್ಯರಲ್ಲ. ತಯಾರಾದ ಒಂದೇ ಗಾಡಿಯನ್ನು ಶೆಡ್ಡಿನ ಅಂಗಳದಲ್ಲಿ ತಾವೇ ಓಡಿಸಿ ನೋಡಿದ್ದರು, ಅವರಿಗೆ ಏನೂ ಕೇಳಿಸಲಿಲ್ಲ. ಕೆಲಸದವರನ್ನು ಕೇಳಿದರೆ, ಸಾವಕಾರರಿಗೆ ಕೇಳಿಸದ್ದು ತಮಗೆ ಹೇಗೆ ಕೇಳಿಸೀತು ಎಂದರು. ಸೋಮವಾರ ಗೇರಿನ ಹಲ್ಲು ಕೊರೆಯುವವರಿಗೆ ಹೇಳಿ ಕಳಿಸುವುದಿತ್ತು. ಒಮ್ಮೆ ಅಷ್ಟೂ ಗೇರಿಗೆ ಹಲ್ಲು ಕೊರೆದರೆ ಮುಗಿಯಿತು, ಬದಲಿಸಲು ಬರುವುದಿಲ್ಲ. ಮಾಲೀಕರು ಕೊನೆಗೆ ಒಂದು ಮಾತು ಹೇಳಿದರಂತೆ: "ಗಿರಾಕಿ ಕಿವಿಗೆ ಕೇಳಿದ್ದs ಸದ್ದು. ಶನಿವಾರ, ಐತವಾರ ಗಾಡಿ ತಗೊಂಡು ಹಳ್ಳಿ ಕಡಿ ಹೋಗು. ಮಂದಿನ್ನ ಕೂಡ್ಸು. ಅವರು ಸದ್ದ ಅದ ಅಂದ್ರ ಹಲ್ಲು ಬದಲು ಮಾಡೋಣ. ಇಲ್ಲಂದ್ರ ಕಂಪ್ಯೂಟರಿನ ಕೆಲಸಾನ ನಮಗ ಬ್ಯಾಡ."

ಕೆಲಸ ಬೇಡ ಎಂದರೆ ಇವಳು ಬೇಡ ಎಂದೇ. ಅವಳ ಮುಖ ನೋಡಿ ನಾನೂ ಹೊರಟೆ. ನನ್ನ ತಂಗಿ ಮಾನ್ವಿಯಲ್ಲಿ, ನಾದಿನಿ ಮಲ್ಲಟದಲ್ಲಿ, ಬೀಗತಿ, ಅಂದರೆ ಮೊಮ್ಮಗಳ ತಾಯಿಯ ತಾಯಿ, ದೇವದುರ್ಗದಲ್ಲಿ. ಕೂಡಿಸಲಿಕ್ಕೆ ಮಂದಿಗೆ ಕೊರತೆ ಇರಲಿಲ್ಲ.

ಶನಿವಾರ ಮುಂಜಾನೆ ಶೆಡ್ಡಿನಲ್ಲಿ ಗಾಡಿಗೆ ಪೂಜೆ ಮಾಡಿದರು. ಮೊದಲ ಸಲ ಊರು ಬಿಟ್ಟು ಹೋಗುವ ಗಾಡಿ, ಮಾಡದೆ ಹೇಗೆ? ಚೆಂಡುಹೂವಿನ ಮಾಲೆ, ಗಾಜಿನ ಮೇಲೆ ವಿಭೂತಿ, ಕುಂಕುಮ, ಗಾಲಿಯ ಕೆಳಗೆ ನಿಂಬೆಹಣ್ಣು. ಗಾಡಿ ನಡೆಸುವವನು ಮಾನ್ವಿಯ ಕಡೆಯವನು, ಡೀಸೆಲ್ ಆಟೋ ಓಡಿಸಿ ಓಡಿಸಿ ಅವನೂ ನನ್ನ ಹಾಗೆಯೇ ಕೂಗಿ ಮಾತಾಡುತ್ತಿದ್ದ. ದಾರಿಯುದ್ದಕ್ಕೂ ನಾವಿಬ್ಬರೂ ಹೊಲದವರಿಗೆಲ್ಲ ಕೇಳಿಸುವ ಹಾಗೆ ಮಾತಾಡಿದೆವು. ಮೊಮ್ಮಗಳು ಕಣ್ಣು ಮುಚ್ಚಿ ಕಿವಿ ಕೊಟ್ಟು ಕೂತಿದ್ದಳು.

"ಏನರ ಕೇಳ್ತಾ?" ಎಂದೆ.

"ನೀವು ಸುಮ್ಮನಾದ್ರ ಕೇಳ್ತದೇನೋ."

ಮಾನ್ವಿಯಲ್ಲಿ ತಂಗಿ, ಅವಳ ಸೊಸೆ, ಪಕ್ಕದ ಮನೆಯ ಇಬ್ಬರು ಹತ್ತಿದರು. ಊರ ಹೊರಗೆ ಒಂದು ಸುತ್ತು ಹೋಗಿ ಬಂದರು. ಇಳಿದ ಮೇಲೆ ಮೊಮ್ಮಗಳು ಒಬ್ಬೊಬ್ಬರನ್ನೇ ಬೇರೆ ನಿಲ್ಲಿಸಿ ಕೇಳಿದಳು, ಸದ್ದು ಹೇಗಿತ್ತು, ಕಿವಿಗೆ ತ್ರಾಸಾಯಿತೇ ಎಂದು.

"ಸದ್ದೆಲ್ಲಿ ಅದ ನಮ್ಮವ್ವ? ಹೂವಿನ ಮ್ಯಾಲೆ ಕುಂತಂಗ ಅದ," ಎಂದಳು ತಂಗಿ. ಸೊಸೆಯೂ ಹಾಗೇ ಎಂದಳು. ಪಕ್ಕದ ಮನೆಯವರು ಗಾಡಿಗೆ ಕೈ ಮುಗಿದು ಹೋದರು.

ಮಧ್ಯಾಹ್ನ ಗಾಡಿ ಚಾರ್ಜಿಗೆ ಹಾಕಿ, ಊಟ ಮಾಡಿ, ಮಲ್ಲಟಕ್ಕೆ ಹೋದೆವು. ಅಲ್ಲಿಯೂ ಅದೇ ಕತೆ. ನಾದಿನಿ ಆರತಿ ತಟ್ಟೆ ಹಿಡಿದುಕೊಂಡೇ ಬಂದಳು. ಅವಳ ಸೊಸೆಯಂದಿರಿಬ್ಬರು ಹತ್ತಿದರು, ಇಳಿದರು, "ಭಾಳ ಛಲೋ ಅದ ರೀ" ಎಂದರು. ಮೊಮ್ಮಗಳು ಗಾಡಿಯ ಹಿಂದೆ ಹೋಗಿ ನಿಂತಳು. ನಾನೂ ಹೋದೆ.

"ನಿನಗ ಕೇಳಿಸ್ತದೇನು?" ಎಂದೆ.

"ಕೇಳಿಸಿದಂಗ ಆಗ್ತದ. ಆದ್ರ ನಾ ಅದು ಬರ್ಲಿ ಅಂತ ಕಾದು ಕುಂತೀನಿ ಯವ್ವಾ. ಕಾದು ಕುಂತ ಕಿವಿನ್ನ ನಂಬಬಾರ್ದು. ನಿನಗ?"

"ನನಗ ಏನೂ ಕೇಳಂಗಿಲ್ಲ," ಎಂದೆ. ಸಮಾಧಾನಕ್ಕೆ ಕೇಳಿತು ಎನ್ನಬಹುದಿತ್ತು, ಆದರೆ ಅವಳಿಗೆ ಬೇಕಾದದ್ದು ಸಮಾಧಾನ ಅಲ್ಲ.

"ಹಂಗಾರ ನನ್ನ ಲೆಕ್ಕ ತಪ್ಪಿರ್ಬೇಕು. ಮೋಟಾರಿನ ಹಿಡಿತ ಎಷ್ಟು ಬಿಗಿ ಅಂತ ನಾನs ಅಂದಾಜು ಹಾಕೀನಿ. ಅಲ್ಲೇ ತಪ್ಪಿರಬೇಕು. ರಾತ್ರಿ ಸಾವ್ಕಾರ್ರಿಗೆ ಫೋನ್ ಮಾಡಿ ಹೇಳಿಬಿಡ್ತೀನಿ."

ಕತ್ತಲಾಗುವ ಮುಂಚೆ ನೀರು ಕುಡಿಯಲೆಂದು ನಾನು ಅಡುಗೆಮನೆಯ ಕಡೆ ಹೋದೆ. ಗಾಡಿಯ ಚಾರ್ಜಿನ ವಾಯರು ಕಿಟಕಿಯಿಂದ ಒಳಗೆ ಬಂದು ಮಿಕ್ಸರಿನ ಪ್ಲಗ್ಗಿಗೆ ಸಿಕ್ಕಿಸಿತ್ತು, ಆದ್ದರಿಂದ ಚಟ್ನಿಯನ್ನು ಕಲ್ಲಿನಲ್ಲಿ ಅರೆಯುತ್ತಿದ್ದರು. ಹಿರಿ ಸೊಸೆ ಅರೆಯುತ್ತ ಹೇಳುತ್ತಿದ್ದಳು:

"ಅಬ್ಬಬ್ಬಬ್ಬ, ಕಿವ್ಯಾಗ ಸೊಳ್ಳಿ ಹೊಕ್ಕಂಗ ಆತು ನೋಡು."

ಕಿರಿಯವಳು ನಕ್ಕಳು. "ನನ್ನ ಹಲ್ಲs ಜುಮ್ಮಂದ್ವು. ಸಣ್ಣಾಗಿ ಓಡಿಸಿದ್ರ ಇಲ್ಲ, ಜೋರು ಓಡಿಸಿದ್ರೂ ಇಲ್ಲ. ನಡುವ ಬರ್ತದ."

ನಾನು ಹೊಸ್ತಿಲ ಮೇಲೆ ನಿಂತೆ. "ಏನಂದಿ?"

"ಏನಿಲ್ರೀ ಅತ್ತೆರ. ಸೊಳ್ಳಿ ಭಾಳ ಆಗ್ಯಾವ ಅಂತ."

"ಸೊಳ್ಳಿ ನಮ್ಮ ಗಾಡ್ಯಾಗ ಕುಂತಿತ್ತೇನ? ಖರೇ ಹೇಳು, ಸದ್ದ ಬಂತೋ ಇಲ್ಲೋ?"

ಅವಳು ಅರೆಯುವುದನ್ನು ನಿಲ್ಲಿಸಿ ಅತ್ತೆಯ ಮುಖ ನೋಡಿದಳು. ನನ್ನ ನಾದಿನಿ ಮೂಲೆಯಲ್ಲಿ ಮೆಣಸಿನಕಾಯಿ ತೊಟ್ಟು ತೆಗೆಯುತ್ತ ಕೂತಿದ್ದಳು, ತಲೆ ಎತ್ತಲಿಲ್ಲ. "ಮಾಲಿ ಹಾಕಿದ ಗಾಡಿಗೆ, ಕುಂಕುಮ ಹಚ್ಚಿದ್ದಕ್ಕ, ಮನಿ ಬಾಗಲಿಗೆ ಬಂದಾಗ ಕೆಟ್ಟ ಮಾತು ಆಡಬಾರ್ದು. ಅದೂ ಮನಿ ಹುಡುಗಿ ಕೈಲಿಂದ ಆಗಿದ್ದು. ನಾವು ಹಂಗೇನು ಕಲತಿಲ್ಲ."

"ಆಕಿ ಕೇಳಿದ್ದs ಕೆಟ್ಟದ್ದು ಏನದ ಅಂತ."

"ಕೇಳ್ತಾರ. ಹೊಸಾ ಮನಿ ಕಟ್ಟಿದವರೂ ಹೆಂಗ ಅದ ಅಂತ ಕೇಳ್ತಾರ. ಗ್ವಾಡಿ ಸೊಟ್ಟ ಅದ ಅಂತ ಹೇಳಿದಿಯೇನು ನೀನು?"

ಹೇಳಿದ್ದೇನೆ. ಒಂದೆರಡು ಮನೆಗೆ ಆಮೇಲೆ ನನ್ನನ್ನು ಕರೆಯಲಿಲ್ಲ. ಆದರೆ ಅವಳ ಮಾತು ನಮ್ಮ ಊರುಗಳ ಮಾತು. ಹೊಸದನ್ನು ಕಂಡರೆ ಒಳ್ಳೆಯದೇ ಅನ್ನಬೇಕು, ಕೊಂಕು ನುಡಿದರೆ ಅದೇ ಹತ್ತುತ್ತದೆ, ನಾಳೆ ಏನಾದರೂ ಆದರೆ ನುಡಿದವರ ಹೆಸರು ಬರುತ್ತದೆ. ಎಂಥ ಗಾಡಿಯಾದರೂ ಮಾಲೆ ಹಾಕಿಕೊಂಡು ಬಂದರೆ ಅದು ಹೂವಿನ ಹಾಗೆಯೇ ಓಡುತ್ತದೆ. ನಾವೇ ಮುಂಜಾನೆ ಮಾಲೆ ಹಾಕಿ, ಮಂದಿಯ ಬಾಯಿಗೆ ಬೀಗ ಹಾಕಿಕೊಂಡು ಹೊರಟಿದ್ದೆವು.

ಮೊಮ್ಮಗಳನ್ನು ಕರೆದು ಹೇಳಿದೆ. ಅವಳು ಆಗಲೇ ಫೋನ್ ಕೈಯಲ್ಲಿ ಹಿಡಿದಿದ್ದಳು. ಕೆಳಗಿಟ್ಟಳು. ಖುಷಿಯಾಗುತ್ತಾಳೆ ಎಂದುಕೊಂಡಿದ್ದೆ, ಆಗಲಿಲ್ಲ.

"ಇವರ ಮಾತು ಈಗ ಲೆಕ್ಕಕ್ಕ ಬರಂಗಿಲ್ಲ. ಒಮ್ಮೆ ಇಲ್ಲ ಅಂದವರು, ನೀ ಗದರಿಸಿದ ಮ್ಯಾಲೆ ಹೌದು ಅಂದ್ರು ಅಂತಾರ ಸಾವ್ಕಾರ್ರು. ಹೊಸಾ ಕಿವಿ ಬೇಕು. ನಾ ಓದಿದ್ದರಾಗನೂ ಅದs ಅದ, ಸದ್ದು ಕೇಳಿಸುವಾಗ ಗಾಡಿ ಯಾರದಂತ ಗೊತ್ತಾಗಬಾರ್ದು. ಪೂಜಿ ಬ್ಯಾಡ ಅನ್ನಾಕ ನನಗ ಬಾಯಿ ಬರ್ಲಿಲ್ಲ."

"ನಾಳೆ ದೇವದುರ್ಗದಾಗ ಗೊತ್ತಾಗಂಗಿಲ್ಲ ಬಿಡು."

"ಸುಳ್ಳು ಹೇಳ್ತಿಯಾ?"

"ಕೇಳಿದ್ರ ಹೇಳ್ತೀನಿ. ಕೇಳದಿದ್ರ ಯಾಕ ಹೇಳ್ಲಿ?"

ಐತವಾರ ಮುಂಜಾನೆ ನಾನೇ ಮಾಲೆ ಬಿಚ್ಚಿ ನಾದಿನಿಯ ಎಮ್ಮೆಯ ಮುಂದೆ ಹಾಕಿದೆ. ಗಾಜು ಒರೆಸಿದೆ. ಗಾಡಿ ನಡೆಸುವವನಿಗೆ ಇದು ಸರಿಬರಲಿಲ್ಲ, ಹಾಗೆಲ್ಲ ಮಾಡಬಾರದು ಎಂದ. ದೇವದುರ್ಗದಲ್ಲಿ ಮಾತ್ರ ಬಾಯಿ ಬಿಡಬೇಡ ಎಂದೆ. ದಾರಿಯಲ್ಲಿ ಧೂಳು ಕೂತು ಗಾಡಿ ಯಾರದೋ ಗಾಡಿಯ ಹಾಗೇ ಆಯಿತು.

ಬೀಗತಿ ಬಾಗಿಲಲ್ಲೇ ನಿಂತಿದ್ದಳು. ನಮ್ಮಿಬ್ಬರ ಮಾತು ಮದುವೆಯ ದಿನದಿಂದ ಹೀಗೇ, ಒಬ್ಬರು ಎತ್ತಿದರೆ ಇನ್ನೊಬ್ಬರು ಇಳಿಸುವುದು.

"ಏನ್ರೀ ಬೀಗತೇರ, ಮಮ್ಮಗಳ ಗಾಡಿ ಅಂದ್ರ ಫಳಫಳ ಹೊಳೀತಾ ಬರ್ತದ ಅಂದಿದ್ದೆ. ಇದೇನು ಇದು?"

"ಇದು ನಮ್ಮದಲ್ರಿ. ಹೈದರಾಬಾದ ಕಡೀದು. ಸಾವ್ಕಾರ್ರು ನೋಡಾಕ ತರಿಸ್ಯಾರ. ಹೆಂಗದ, ಏನದ, ಕುಂತು ನೋಡಿ ಹೇಳ್ರಿ."

ಅಷ್ಟೇ ಸಾಕಾಯಿತು. ಬೀಗತಿ ಇನ್ನೂ ಒಂದು ಕಾಲು ಒಳಗಿಟ್ಟಿರಲಿಲ್ಲ, ಮೆಟ್ಟಿಲು ಎತ್ತರ ಅದ ಎಂದಳು. ಕೂತ ಮೇಲೆ ಸೀಟು ಹಲಗೆ ಇದ್ದಂಗ ಅದ ಎಂದಳು. ಬಣ್ಣ ನೋಡಿ, ಇದೇನು ಹುಣಸೆ ಹಣ್ಣಿನ ಬಣ್ಣ ಎಂದಳು. ಅವಳ ಸೊಸೆ ಮತ್ತು ಕಾಲೇಜಿಗೆ ಹೋಗುವ ಆ ಸೊಸೆಯ ಹೆಣ್ಣುಮಕ್ಕಳಿಬ್ಬರು ಒತ್ತಿಕೊಂಡು ಕೂತರು. ನಾನು ಮುಂದೆ ನಡೆಸುವವನ ಪಕ್ಕ ತೂರಿಕೊಂಡೆ. ಮೊಮ್ಮಗಳು ಅವನ ಇನ್ನೊಂದು ಪಕ್ಕ, ವೇಗದ ಮುಳ್ಳು ಕಾಣುವ ಹಾಗೆ ಕೂತಳು. ಗಾಡಿಗೆ ಬೇಕಾದ ಭಾರ ಚೆನ್ನಾಗಿ ಬಿತ್ತು.

ಕಾಲುವೆಯ ದಾರಿ ಹಿಡಿದೆವು. ಮೊದಲು ಏನೂ ಇಲ್ಲ, ಬೀಗತಿಯ ದನಿ ಒಂದೇ. ಗಾಡಿ ವೇಗ ಹಿಡಿಯಿತು.

"ಇಶ್, ಏನಿದು?" ಎಂದಳು ಹಿಂದಿನಿಂದ ಒಬ್ಬ ಹುಡುಗಿ.

"ಯಾವ್ದು?" ಮೊಮ್ಮಗಳು ತಿರುಗಿ ನೋಡಲಿಲ್ಲ. ಮುಳ್ಳು ನೋಡುತ್ತಿದ್ದಳು.

"ಕೀಂಯ್ ಅಂತದಲ್ಲ. ಈಗ ಬಂತು ನೋಡು. ಇನ್ನೂ ಅದ. ಇನ್ನೂ… ಈಗ ಹೋತು."

"ಯಪ್ಪಾ, ಈ ಗಾಡ್ಯಾಗ ದಿನಾ ಕಾಲೇಜಿಗೆ ಹೋದ್ರ ತಲಿನೋವು ಬರ್ತದ," ಎಂದಳು ಇನ್ನೊಬ್ಬಳು. ಸೊಸೆ ಕಿವಿಗೆ ಬೆರಳಿಟ್ಟುಕೊಂಡಳು.

"ಯಾವ ಸದ್ದು? ನನಗ್ಯಾಕ ಕೇಳವಲ್ದು?" ಎಂದಳು ಬೀಗತಿ. ತನಗೆ ತಪ್ಪಿಹೋದದ್ದಕ್ಕೆ ಸಿಟ್ಟು ಬಂದಿತ್ತು.

ಮೊಮ್ಮಗಳು ಗಾಡಿಯನ್ನು ಮತ್ತೆ ನಿಧಾನ ಮಾಡಿಸಿದಳು, ಮತ್ತೆ ಜೋರು ಮಾಡಿಸಿದಳು. ಹಿಂದೆ ಕೂತವರಿಗೆ ಮುಳ್ಳು ಕಾಣುತ್ತಿರಲಿಲ್ಲ. ಆದರೂ ಹುಡುಗಿಯರು ಈಗ ಬಂತು, ಈಗ ಹೋತು ಎಂದದ್ದು ಪ್ರತಿ ಸಲವೂ ಅದೇ ಜಾಗದಲ್ಲಿ. ಮೂವತ್ತು ದಾಟುತ್ತಲೇ ಬರುವುದು, ನಲವತ್ತರ ಹತ್ತಿರ ಹೋಗುವುದು. ಮೊಮ್ಮಗಳ ಕಿವಿ ಕೆಂಪಗಾಗಿದ್ದವು. ಸಣ್ಣವಳಿದ್ದಾಗಲೂ ಖುಷಿಯಾದರೆ ಹಾಗೇ ಆಗುತ್ತಿತ್ತು.

ಆದರೆ ಬೀಗತಿಯ ಸೊಸೆ ಇನ್ನೊಂದು ಹೇಳಿದಳು. ಗಾಡಿ ಎದ್ದು ಹೊರಡುವಾಗ ಕಾಲಿನ ಕೆಳಗೆ ಗಡಗಡ ಅಂತದ, ಪಾದ ಜುಮ್ಮಂತಾವ ಎಂದಳು. ನಾವು ಚಪ್ಪಲಿ ಬಿಟ್ಟು ಕಾಲು ಇಟ್ಟು ನೋಡಿದೆವು. ನನಗೂ ಗೊತ್ತಾಯಿತು. ಮೊಮ್ಮಗಳು ಬಗ್ಗಿ ಅಂಗೈ ಇಟ್ಟಳು.

"ಇದು ನನ್ನ ಲೆಕ್ಕದಾಗ ಇರ್ಲಿಲ್ಲ," ಎಂದಳು. "ನಾ ಬರೀ ಪೆಟ್ಟಿಗಿ ನೋಡಿದ್ದೆ, ಕಾಲಿನ ತಗಡು ಬಿಟ್ಟಿದ್ದೆ."

ಮರಳಿ ಮನೆಗೆ ಬಂದು ಗಾಡಿ ಚಾರ್ಜಿಗೆ ಹಾಕಿದೆವು. ಊಟಕ್ಕೆ ಕೂತಾಗ ಗಾಡಿ ನಡೆಸುವವನು ರೊಟ್ಟಿ ಮುರಿಯುತ್ತ, "ನಮ್ಮ ಸಾವ್ಕಾರ್ರು ಹಲ್ಲು ಬದಲು ಮಾಡ್ಸಿದ್ರ ಛಲೋ ಆಗ್ತದ ಬಿಡ್ರಿ," ಎಂದುಬಿಟ್ಟ. ಬೀಗತಿ ಬಡಿಸುವ ಕೈ ನಿಲ್ಲಿಸಿ ನನ್ನನ್ನು ನೋಡಿದಳು.

"ಹೈದರಾಬಾದ ಗಾಡಿಗೆ ನಿಮ್ಮ ಸಾವ್ಕಾರ್ರು ಯಾಕ ಹಲ್ಲು ಬದಲು ಮಾಡ್ತಾರ?"

"ಗಾಡಿ ನಮ್ಮದs ರೀ," ಎಂದೆ.

"ಅಂದ್ರ ನಾ ಬೈದದ್ದು ಮಮ್ಮಗಳ ಗಾಡಿನ್ನ?"

"ಹೌದು. ಛಲೋ ಬೈದ್ರಿ. ಖರೇ ಹೇಳಿದ್ರ ನಿಮ್ಮ ಬಾಯಿಂದ ಇಷ್ಟು ಬರ್ತಿತ್ತೇನು?"

ಅವಳು ಚಟ್ನಿಯ ಬಟ್ಟಲು ಎತ್ತಿಕೊಂಡಳು. ಆಮೇಲೆ, "ಬಣ್ಣ ಮಾತ್ರ ಖರೇನ ಹೊಲಸದ," ಎಂದು ನನ್ನ ತಟ್ಟೆ ಬಿಟ್ಟು ಎಲ್ಲರಿಗೂ ಶೇಂಗಾ ಚಟ್ನಿ ಹಾಕಿದಳು.

ಸಂಜೆ ರಾಯಚೂರು ಮುಟ್ಟಿ, ಸೀದಾ ಮಾಲೀಕರ ಮನೆಗೇ ಹೋದೆವು. ಮೊಮ್ಮಗಳು ಶನಿವಾರ ಆದದ್ದನ್ನೂ ಮುಚ್ಚಿಡಲಿಲ್ಲ. ಎಲ್ಲರೂ ಸದ್ದಿಲ್ಲ ಅಂದದ್ದು, ಮಾಲೆ ಬಿಚ್ಚಿದ್ದು, ಹೈದರಾಬಾದಿನ ಸುಳ್ಳು, ಕಾಲಿನ ತಗಡು ತನ್ನ ಲೆಕ್ಕದಿಂದ ಬಿಟ್ಟುಹೋದದ್ದು, ಒಂದನ್ನೂ ಬಿಡದೆ ಹೇಳಿದಳು. ಬಾಯಿ ಮುಚ್ಚೇ ಎಂದು ನಾನು ಅವಳ ಸೆರಗು ಎಳೆಯಲು ಹೋದೆ, ಅವಳು ಹಾಕಿದ್ದು ಚೂಡಿದಾರ, ಎಳೆಯಲಿಕ್ಕೆ ಏನೂ ಸಿಗಲಿಲ್ಲ.

ಮಾಲೀಕರಿಗೆ ಸಿಟ್ಟು ಬಂತು. "ನಮ್ಮ ಗಾಡಿನ್ನ ಮಂದಿ ಕಡಿಯಿಂದ ಸುಳ್ಳು ಹೇಳಿ ಬೈಸ್ಕೊಂಡು ಬಂದ್ರಾ?"

"ಖರೇ ಹೇಳಿ ಹೊಗಳಿಸ್ಕೊಂಡಿದ್ವಿ ಸಾವ್ಕಾರ್ರ, ಶನಿವಾರ," ಎಂದೆ. "ಅದು ಸುಳ್ಳಾತು."

ಅವರು ಗಾಡಿ ಹತ್ತಿದರು. ತಮ್ಮ ಕಿರಿ ಮಗಳನ್ನೂ ಮನೆಯ ಇನ್ನೂ ಮೂರು ಮಂದಿಯನ್ನೂ ಕೂಡಿಸಿಕೊಂಡು ಒಂದು ಸುತ್ತು ಹೋಗಿ ಬಂದರು. ಇಳಿದು ಮಗಳನ್ನು ನೋಡಿದರು. ಅವಳು ತಲೆ ಆಡಿಸಿ, ಬರ್ತದ ಪಪ್ಪಾ ಎಂದಳು. ತಮಗೆ ಮಾತ್ರ ಏನೂ ಕೇಳಿಸಲಿಲ್ಲ ಎಂದು ಅವರೇ ಹೇಳಿದರು. ವಯಸ್ಸಾದವರಿಗೂ, ಮಿಲ್ಲು ಡೀಸೆಲ್ಲಿನ ಸದ್ದಿನಲ್ಲಿ ಇದ್ದವರಿಗೂ ಮೊದಲು ಹೋಗುವುದು ಸಣ್ಣ ದನಿಯೇ ಎಂದು ಮೊಮ್ಮಗಳು ಮೆಲ್ಲಗೆ ಹೇಳಿದಳು. ಅವರು ನನ್ನ ಕಡೆ ನೋಡಿದರು. ಒಂದೇ ಮಿಲ್ಲಿನ ಸದ್ದು ಅವರು ದುಡ್ಡೆಣಿಸುವ ಗಲ್ಲೆಯ ಮೇಲೆ ಕೂತು ಕೇಳಿದ್ದರು, ನಾನು ತೌಡಿನ ಪಕ್ಕ ನಿಂತು ಕೇಳಿದ್ದೆ.

"ನಾಳೆ ಗೇರಿನವರಿಗೆ ನಿಲ್ಲಸ್ರಿ ಅಂತ ಹೇಳ್ತೀನಿ," ಎಂದರು ಕೊನೆಗೆ. "ಆದ್ರ ಬರೇ ಬಾಯಿ ಮಾತಿಗೆ ಹಲ್ಲು ಬದಲು ಮಾಡಾಕ ಆಗಂಗಿಲ್ಲ. ನಿಮ್ಮ ಕಾಲೇಜಿಂದ ಆ ಸದ್ದು ಅಳೆಯೋ ಮೈಕು ತಗೊಂಬಾ. ಭಾರ ಹಾಕಿ ಅಳದು ನೋಡು. ನಿನ್ನ ಕಂಪ್ಯೂಟರಿನ ಗೆರಿಗೂ ಮೈಕಿನ ಗೆರಿಗೂ ಕೂಡಿದ್ರ ಬದಲು ಮಾಡ್ಸು. ಆ ಕಾಲಿನ ತಗಡಿನ ಲೆಕ್ಕಾನೂ ನೀನs ಹಾಕು."

ತಗಡಿನ ಲೆಕ್ಕ ಹಾಕು ಎಂದರೆ ಕೆಲಸಕ್ಕೆ ಬಾ ಎಂದಂತೆ. ಅವಳು ಹೂಂ ಎಂದಳು. ನಮ್ಮ ಮನೆಯಲ್ಲಿ ಆ ಸಂಜೆ ಬೇರೇನೂ ಆಗಲಿಲ್ಲ. ಉಂಡೆವು, ಮಲಗಿದೆವು.

ಸೋಮವಾರ ಮೊಮ್ಮಗಳು ಕಾಲೇಜಿನಿಂದ ಮೈಕು ತಂದಳು. ಮರುದಿನ ಮುಂಜಾನೆ ನಾನು ಒಲೆ ಹಚ್ಚುವ ಹೊತ್ತಿಗೆ ಆಗಲೇ ತಯಾರಾಗಿ ನಿಂತಿದ್ದಳು. ಮಾತಾಡುವ ಮಂದಿ ಕೂತರೆ ಮೈಕಿನಲ್ಲಿ ಮಾತೇ ಬರುತ್ತದೆ, ಅಕ್ಕಿ ಚೀಲ ಹೇರೋಣ ಎಂದರೆ ಹಮಾಲರು ಇನ್ನೂ ಬಂದಿಲ್ಲ, ರಸ್ತೆಯಲ್ಲಿ ಲಾರಿ ಶುರುವಾಗುವ ಮುಂಚೆ ಅಳೆಯಬೇಕು ಎಂದಳು.

"ಯವ್ವಾ, ನಿನ್ನ ಕಿವಿ ನನಗ ಬ್ಯಾಡ. ನಿನ್ನ ತೂಕ ಬೇಕು. ಸುಮ್ನ ಕುಂದರ್ತಿಯೇನು?"

ಎರಡು ರೊಟ್ಟಿ ತಿಂದು, ಸೊಸೆಯನ್ನೂ ಎದುರು ಮನೆಯ ದಪ್ಪನೆಯ ಹೆಂಗಸನ್ನೂ ಕರೆದುಕೊಂಡು, ಹೋಗಿ ಹಿಂದಿನ ಸೀಟಿನ ನಡುವೆ ಕೂತೆ. ಗಾಡಿ ಹೊರಟಿತು. ನಾನು ಬಾಯಿ ಬಿಡಲಿಲ್ಲ.